ಏಳು ಸುತ್ತಿನಲ್ಲೂ ಸೋತ ಸಣ್ಣ ಟ್ಯಾಬು

ನನಗೆ ಕಂಪ್ಯೂಟರ್ ಗೊತ್ತು ಎಂಬ ಸುದ್ದಿಯನ್ನು ಹಬ್ಬಿಸಿದವನು ನಾನಲ್ಲ. ಅದನ್ನು ಅಲ್ಲಗಳೆಯದೆ ಸುಮ್ಮನಿದ್ದವನು ಮಾತ್ರ ನಾನು.

ಒಂದು ದಿನ ನಮ್ಮ ನೀರು ಸರಬರಾಜು ಕಚೇರಿಯ ಪ್ರಿಂಟರ್ ಮುಷ್ಕರ ಹೂಡಿತ್ತು. ಸಾಹೇಬರು ಅದರ ನೆತ್ತಿಗೆ ಎರಡು ಏಟು ಕೊಟ್ಟು ನೋಡಿದ್ದರು. ಗುಮಾಸ್ತರು ಅದರ ಹೊಟ್ಟೆಗೆ ಕೈ ಹಾಕಿ ಮುದ್ದೆಯಾದ ಮೂರು ಹಾಳೆ ಹೊರಗೆಳೆದಿದ್ದರು. ನಾನು ಮೀಟರ್ ರೀಡರ್. ರೀಡಿಂಗ್ ಪುಸ್ತಕ ಇಡಲೆಂದು ಆ ಕಡೆ ಹೋದವನು ವೈರು ಕಾಲಿಗೆ ಸಿಕ್ಕಿ ಎಡವಿದೆ. ಪ್ಲಗ್ಗು ಕಿತ್ತು ಬಂತು. ಯಾರೂ ನೋಡುವ ಮೊದಲೇ ಗಾಬರಿಯಿಂದ ಮತ್ತೆ ಸಿಕ್ಕಿಸಿದೆ. ಪ್ರಿಂಟರ್ ಗುರ್ರೆಂದು ಎದ್ದು ಹದಿನಾಲ್ಕು ಹಾಳೆಯನ್ನು ಒಂದೇ ಉಸಿರಿಗೆ ಕಕ್ಕಿತು.

"ಏನ್ರೀ ಮಾಡಿದ್ರಿ?" ಎಂದರು ಸಾಹೇಬರು.

"ರೀಸೆಟ್ ಮಾಡಿದೆ ಸಾರ್," ಎಂದೆ.

ಆ ಪದ ನನ್ನ ಬಾಯಿಗೆ ಎಲ್ಲಿಂದ ಬಂತೋ ಇವತ್ತಿಗೂ ನನಗೆ ಗೊತ್ತಿಲ್ಲ. ಅಂದಿನಿಂದ ಕಚೇರಿಯಲ್ಲಿ ನನ್ನ ಹೆಸರು ಮರೆತುಹೋಗಿ, ಎಲ್ಲರ ಬಾಯಲ್ಲೂ ನಾನು ಎಕ್ಸ್‌ಪರ್ಟ್ ಆದೆ.

ಹೀಗೆ ಸಿಕ್ಕಿದ ಪದವಿಯನ್ನು ಮೂರು ತಿಂಗಳು ಏನೂ ಮಾಡದೆ ಕಾಪಾಡಿಕೊಂಡು ಬಂದಿದ್ದೆ. ಆಗ ಮೇಲಿನ ಕಚೇರಿಯಿಂದ ಒಂದು ಪೆಟ್ಟಿಗೆ ಬಂತು. ಒಳಗೆ ಎರಡು ಟ್ಯಾಬು. ಒಂದು ಸಣ್ಣದು, ನಮ್ಮ ರೀಡಿಂಗ್ ಪುಸ್ತಕದಷ್ಟೇ. ಇನ್ನೊಂದು ಪೂರ್ತಿ ಅಳತೆಯದು, ಊಟದ ತಟ್ಟೆಯಷ್ಟು ಅಗಲ. ಸಾಹೇಬರು ನಮ್ಮ ಒಂಬತ್ತು ಜನ ಮೀಟರ್ ರೀಡರುಗಳನ್ನೂ ಸಾಲಾಗಿ ನಿಲ್ಲಿಸಿ ಹೇಳಿದರು.

"ಇನ್ಮೇಲೆ ಪುಸ್ತಕ ಇಲ್ಲ. ಮೀಟರ್ ಗುಂಡಿಯ ಮುಚ್ಚಳ ತೆಗೆದಿರುವಾಗ್ಲೇ ಒಳಗಿನ ಮೀಟರಿನ ಫೋಟೋ ಹೊಡೀಬೇಕು, ಅಂಕಿ ಅಲ್ಲೇ ಒತ್ಬೇಕು. ಎರಡರಲ್ಲಿ ಯಾವುದು ಬೇಕು ಅಂತ ನಾವೇ ಒಂದು ವಾರದಲ್ಲಿ ಹೇಳ್ಬೇಕು. ಆರಿಸಿದ್ದೇ ಎಲ್ಲರಿಗೂ. ಅದನ್ನ ಹಿಡಿಯೋಕೆ ಆಗಲ್ಲ ಅನ್ನೋರು ಕಂಪ್ಲೇಂಟ್ ಕೌಂಟರಲ್ಲಿ ಕೂತ್ಕೋಬಹುದು. ಈಗ ಹೇಳಿ, ಯಾವುದು?"

ಎಂಟು ಮುಖಗಳು ನನ್ನ ಕಡೆ ತಿರುಗಿದವು. ನಾನು ಕೆಮ್ಮಿ, ಚಾವಣಿ ನೋಡಿ, "ಎಲ್ಲಾ ಪರ್ಫಾರ್ಮೆನ್ಸ್ ಮೇಲೆ ಹೋಗುತ್ತೆ ಸಾರ್," ಎಂದೆ.

ಸಾಹೇಬರ ಮುಖ ಅರಳಿತು. ಎರಡೂ ಟ್ಯಾಬುಗಳನ್ನು ನನ್ನ ಎರಡು ಕೈಗೂ ಒಂದೊಂದಾಗಿ ಕೊಟ್ಟರು. "ಪರೀಕ್ಷೆ ಮಾಡಿ ವರದಿ ಕೊಡಿ," ಎಂದರು.

ಹೊರಗೆ ಬಂದಾಗ ಅಕ್ಕ ಬಾಗಿಲ ಹತ್ತಿರ ಕಾಯುತ್ತಿದ್ದಳು. ಕಚೇರಿಯವರೆಲ್ಲ ಅಕ್ಕ ಎಂದೇ ಕರೆಯುವ ಅವಳು ನಮ್ಮೆಲ್ಲರಿಗಿಂತ ಹಿರಿಯ ಮೀಟರ್ ರೀಡರ್. ನಿವೃತ್ತಿಗೆ ಇನ್ನೆರಡು ವರ್ಷ. ಹೋದ ವರ್ಷ ಒಂದು ಕಬ್ಬಿಣದ ಮುಚ್ಚಳ ಜಾರಿ ಅವಳ ಎಡ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿಕೊಂಡಿದೆ, ಆದರೆ ತುಂಬಿದ ನೀರಿನ ಚೊಂಬನ್ನು ಆ ಕೈಯಲ್ಲಿ ಹಿಡಿದರೆ ಈಗಲೂ ಹಲ್ಲು ಕಚ್ಚುತ್ತಾಳೆ.

"ನೋಡಪ್ಪ, ನನ್ನದೆಲ್ಲ ಈಗ ನಿನ್ನ ಕೈಲಿದೆ," ಎಂದಳು. "ಮೂವತ್ತು ವರ್ಷ ಬೀದೀಲಿ ನಡೆದಿದೀನಿ. ಆ ಕೌಂಟರಿನ ಗಾಜಿನ ಹಿಂದೆ ಕೂರಿಸಿದ್ರೆ ಒಂದು ತಿಂಗಳಿಗೆ ಒಣಗಿ ಹೋಗ್ತೀನಿ. ಸಣ್ಣದೇ ಬರೀ ಅಂತ ನಾನು ಹೇಳಲ್ಲ. ಎರಡನ್ನೂ ಒಂದ್ಸಲ ಗುಂಡಿ ಹತ್ರ ತಗೊಂಡು ಹೋಗಿ ನೋಡು. ಅಷ್ಟೇ."

"ಅದೆಲ್ಲ ಆಮೇಲೆ ಅಕ್ಕ," ಎಂದೆ ನಾನು. "ಮೊದ್ಲು ಪರ್ಫಾರ್ಮೆನ್ಸ್."

ಇಲ್ಲಿ ಓದುಗರಿಗೆ ಒಂದು ಸಂಗತಿ ತಿಳಿಸಲೇಬೇಕು, ನನ್ನ ಮರ್ಯಾದೆಗೆ ಅದರಿಂದ ಏನೂ ಲಾಭವಿಲ್ಲದಿದ್ದರೂ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಒಂದು ಇಡೀ ಬೀದಿಯ ರೀಡಿಂಗನ್ನು ಒಂದೊಂದು ಮನೆ ಆಚೆಗೆ ಬರೆದುಬಿಟ್ಟಿದ್ದೆ. ಮೊದಲ ಮನೆಯ ನೀರು ಎರಡನೆಯವರ ಲೆಕ್ಕಕ್ಕೆ, ಎರಡನೆಯವರದು ಮೂರನೆಯವರಿಗೆ, ಹೀಗೆ ನಲವತ್ತೆರಡು ಮನೆ. ಅದನ್ನು ಕಂಡುಹಿಡಿದವಳು ಅಕ್ಕ. ನೆತ್ತಿಯ ಮೇಲೆ ಬಿಸಿಲಿರುವಾಗ, ತನ್ನ ಕೆಲಸ ಮುಗಿಸಿ ಬಂದು, ನಲವತ್ತೆರಡು ಮುಚ್ಚಳವನ್ನೂ ನನ್ನ ಜೊತೆ ಮತ್ತೆ ಎತ್ತಿದಳು. ಯಾರಿಗೂ ಹೇಳಲಿಲ್ಲ, ನನ್ನನ್ನೂ ಬೈಯಲಿಲ್ಲ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು. ನನ್ನ ಕೆಲಸ ಉಳಿದದ್ದು ಆ ಮಧ್ಯಾಹ್ನದಿಂದ. ಆ ಋಣ ನನಗೆ ಯಾವತ್ತೂ ನೆನಪಿತ್ತು. ಆ ವಾರ ಮಾತ್ರ ಪರ್ಫಾರ್ಮೆನ್ಸ್ ಅದರ ಮೇಲೆ ಹತ್ತಿ ಕೂತಿತ್ತು.

ಮನೆಗೆ ಬಂದು ಎರಡೂ ಟ್ಯಾಬುಗಳನ್ನು ಊಟದ ಮೇಜಿನ ಮೇಲಿಟ್ಟು ಪ್ರಕಟಣೆ ಹೊರಡಿಸಿದೆ. "ಇವು ಆಫೀಸಿನ ಸೊತ್ತು. ಯಾರೂ ಮುಟ್ಟಬಾರದು."

"ಯಾರು ಮುಟ್ತಾರೆ ಬಿಡಿ," ಎಂದಳು ಹೆಂಡತಿ. ಅವಳು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರಿಗೆಲ್ಲ ಕಿಟಕಿ ಪರದೆ ಹೊಲಿಯುತ್ತಾಳೆ.

"ನನಗ್ಯಾಕೆ ಬೇಕು ಅಳಿಯಂದಿರೇ," ಎಂದರು ನಮ್ಮ ಜೊತೆಗೇ ಇರುವ ಅತ್ತೆ.

ದೊಡ್ಡ ಟ್ಯಾಬನ್ನು ಟವೆಲಿನಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟೆ. ಅಲ್ಲಿಗೆ ಕೈ ಹಾಕಬೇಕಾದರೆ ಕುರ್ಚಿ ಹತ್ತಬೇಕು, ಹತ್ತಿದರೆ ಕುರ್ಚಿ ಕಿರುಗುಟ್ಟಿ ಇಡೀ ಮನೆಗೆ ಸುದ್ದಿ ಕೊಡುತ್ತದೆ. ಸಣ್ಣದನ್ನು ಮೇಜಿನ ಮೇಲೇ ಬಿಟ್ಟೆ. ಅಷ್ಟು ಸಣ್ಣದಕ್ಕೆ ಕಾವಲು ಯಾಕೆ ಎಂದುಕೊಂಡೆ. ಅದು ದಿಂಬಿನ ಕೆಳಗೆ ಹಿಡಿಸುತ್ತದೆ, ಹೊಲಿಗೆ ಯಂತ್ರದ ಪಕ್ಕ ಒರಗುತ್ತದೆ, ಸೆರಗಿನ ಮರೆಯಲ್ಲಿ ಕೂಡ ಸಾಗುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಮೊದಲೆರಡು ದಿನ ನಾನು ಮೂಲಭೂತ ಸಂಶೋಧನೆಯಲ್ಲಿ ತೊಡಗಿದ್ದೆ. ಹೆಂಡತಿಯ ಟೇಪಿನಿಂದ ಉದ್ದಗಲ ಅಳೆದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ದೊಡ್ಡದು ಸಣ್ಣದಕ್ಕಿಂತ ಭಾರ ಎಂಬ ತೀರ್ಮಾನಕ್ಕೆ ಬರಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ದೊಡ್ಡ ಸಾಧನವು ತೂಕದಲ್ಲಿ ಮೇಲುಗೈ ಸಾಧಿಸಿದೆ" ಎಂದು ಬರೆದುಕೊಂಡೆ. ಆ ತೂಕವನ್ನು ದಿನವಿಡೀ ಯಾರೋ ಹೊರಬೇಕು, ಆ ಯಾರೋ ನಾನೇ ಎಂಬುದು ಆ ವಾಕ್ಯದಲ್ಲಿ ಎಲ್ಲೂ ಬರಲಿಲ್ಲ.

ಮೂರನೆಯ ದಿನ ವೇಗದ ಪರೀಕ್ಷೆ. ಇದಕ್ಕೆ ಪಕ್ಷಪಾತವಿಲ್ಲದ ತೀರ್ಪುಗಾರರು ಬೇಕಿತ್ತು. ಕೆಳಗಿನ ಮನೆಯ ಡ್ರಿಲ್ ಮೇಷ್ಟ್ರನ್ನು ಕರೆದೆ. ಮೇಷ್ಟ್ರು ನಿವೃತ್ತರಾಗಿ ಆರು ವರ್ಷವಾದರೂ ಸೀಟಿಯನ್ನು ಕೊರಳಿನಿಂದ ಇಳಿಸಿದವರಲ್ಲ. ಸ್ಟಾಪ್‌ವಾಚ್ ಎರಡಿದ್ದವು. ಬಿಳಿ ಬೂಟು ಹಾಕಿಕೊಂಡು ಬಂದೇಬಿಟ್ಟರು.

ನಿಯಮ ಸರಳವಾಗಿತ್ತು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಡುವುದು. ಸೀಟಿ ಊದಿದ ಕೂಡಲೇ ನಾನು ಎರಡು ತೋರುಬೆರಳಿನಿಂದ ಎರಡರಲ್ಲೂ ರೀಡಿಂಗಿನ ಫಾರಂ ಒತ್ತುವುದು. ಯಾವುದರಲ್ಲಿ ಮೊದಲು ತೆರೆಯಿತೋ ಅದು ಗೆದ್ದಂತೆ.

ಮೇಷ್ಟ್ರು ಸೀಟಿ ಊದಿದರು. ದೊಡ್ಡದರಲ್ಲಿ ಫಾರಂ ತಟ್ಟನೆ ತೆರೆದುಕೊಂಡಿತು. ಸಣ್ಣದು ಒಂದು ಚಕ್ರವನ್ನು ತೋರಿಸಿ ಅದನ್ನೇ ತಿರುಗಿಸುತ್ತಾ ಕುಳಿತಿತು.

"ಹನ್ನೊಂದು ಸೆಕೆಂಡ್ ಹಿಂದೆ," ಎಂದರು ಮೇಷ್ಟ್ರು ದುಃಖದಿಂದ. "ಇದಕ್ಕೆ ವ್ಯಾಯಾಮ ಸಾಲದು."

ಎರಡನೆಯ ಸುತ್ತಿನ ಸೀಟಿಗೆ ಮೇಲಿನ ಮನೆಯ ದಂತವೈದ್ಯೆ ಜಗಳಕ್ಕೆಂದು ಇಳಿದು ಬಂದವರು, ವಿಷಯ ತಿಳಿದು ಕುರ್ಚಿ ಎಳೆದುಕೊಂಡು ಕೂತರು. ಮೂರನೆಯ ಸುತ್ತಿಗೆ ಅವರು ಸಣ್ಣದರ ಪಕ್ಷ ವಹಿಸಿದ್ದರು. ಅತ್ತೆಯಂತೂ ಮೊದಲಿನಿಂದಲೂ ಅದರ ಕಡೆಯೇ. "ಪಾಪ, ಸುಸ್ತಾಗಿದೆ. ಸ್ವಲ್ಪ ಹೊತ್ತು ಬಿಡಿ ಅಳಿಯಂದಿರೇ," ಎನ್ನುತ್ತಾ ಅದರ ಗಾಜನ್ನು ಸೆರಗಿನಿಂದ ಒರೆಸಿದರು. ಹೆಂಡತಿ ಮಾತ್ರ ಯಾಕೋ ನನ್ನ ಮುಖ ನೋಡದೆ ಪರದೆಯ ಅಂಚು ಮಡಿಸುತ್ತಿದ್ದಳು.

ನಾಲ್ಕನೆಯ ಸುತ್ತಿನಲ್ಲಿ ಒಂದು ವಿಚಿತ್ರ ನಡೆಯಿತು. ಮೇಷ್ಟ್ರು ಸೀಟಿ ಊದಿದರು, ನಾನು ಒತ್ತಿದೆ, ಸಣ್ಣದರಲ್ಲಿ ಫಾರಂ ಬರುವ ಬದಲು ಅತ್ತೆಯ ತಂಗಿ ಬಂದರು. ಬೇರೆ ಊರಿನಲ್ಲಿರುವ ಅವರ ಮುಖ ಟ್ಯಾಬಿನ ಪರದೆಯ ತುಂಬ ಹರಡಿ, "ಊಟ ಆಯ್ತಾ?" ಎಂದು ಕೇಳಿತು.

ಯಾವ ಬುದ್ಧಿವಂತನಿಗಾದರೂ ಇಲ್ಲಿ ಒಂದು ಅನುಮಾನ ಬರಬೇಕಿತ್ತು. ನಾನು ಎಕ್ಸ್‌ಪರ್ಟ್ ಆದ್ದರಿಂದ ನನಗೆ ಬರಲಿಲ್ಲ. "ಸಣ್ಣ ಸಾಧನದಲ್ಲಿ ಕೆಲಸದ ನಡುವೆ ಸಂಬಂಧಿಕರು ಕಾಣಿಸಿಕೊಳ್ಳುವ ಸಂಭವವಿದೆ, ದೊಡ್ಡದರಲ್ಲಿ ಈ ದೋಷ ಕಂಡುಬಂದಿಲ್ಲ" ಎಂದು ಗಂಭೀರವಾಗಿ ಬರೆದುಕೊಂಡೆ. ಮೇಷ್ಟ್ರು ಪಕ್ಕದಲ್ಲಿ ಸಹಿ ಹಾಕಿದರು.

ಏಳು ಸುತ್ತು ಮುಗಿದಾಗ ಸಣ್ಣದು ಏಳರಲ್ಲೂ ಸೋತಿತ್ತು. ದಂತವೈದ್ಯೆ ಬೇಸರದಿಂದ ಎದ್ದು ಹೋದರು.

ವರದಿ ಒಂಬತ್ತು ಪುಟವಾಯಿತು. ಸಾಹೇಬರು ಅದನ್ನು ಓದಿ ಎಷ್ಟು ಖುಷಿಪಟ್ಟರೆಂದರೆ, ಮೇಲಿನ ಕಚೇರಿಗೆ ಕೂಡಲೇ ಫೋನ್ ಮಾಡಿ, "ನಮ್ಮಲ್ಲಿ ವೈಜ್ಞಾನಿಕವಾಗಿ ಮಾಡಿದೀವಿ ಸಾರ್, ತೀರ್ಪುಗಾರರನ್ನೂ ಇಟ್ಟಿದ್ವಿ," ಎಂದರು. ಆ ಕಡೆಯ ದೊಡ್ಡ ಸಾಹೇಬರು ನಾಳೆ ಬೆಳಿಗ್ಗೆ ತಾವೇ ಬಂದು ನೋಡುತ್ತೇನೆ ಎಂದರಂತೆ. ಸಾಹೇಬರು ಎಲ್ಲರನ್ನೂ ಕರೆದು ತೀರ್ಮಾನ ಓದಿದರು: ದೊಡ್ಡ ಟ್ಯಾಬು.

ಚಪ್ಪಾಳೆ ಬಿತ್ತು. ನಾನು ತಲೆ ತಗ್ಗಿಸಿ ಅದನ್ನು ಸ್ವೀಕರಿಸಿದೆ. ತಲೆ ಎತ್ತಿದಾಗ ಅಕ್ಕ ಮೇಜಿನ ಹತ್ತಿರ ನಿಂತು ದೊಡ್ಡ ಟ್ಯಾಬನ್ನು ಎಡಗೈಯಲ್ಲಿ ಎತ್ತಿ ನೋಡುತ್ತಿದ್ದಳು. ಮೂರು ಎಣಿಸುವಷ್ಟರಲ್ಲಿ ಮಣಿಕಟ್ಟು ನಡುಗಿತು. ಮೆಲ್ಲಗೆ ಕೆಳಗಿಟ್ಟಳು. ಆಮೇಲೆ ಹೆಗಲಿನ ಚೀಲದಿಂದ ತನ್ನ ಕೊಕ್ಕೆ ತೆಗೆದು, ಕಚೇರಿಗೆ ಒಪ್ಪಿಸುವವಳಂತೆ ಅದರ ಪಕ್ಕ ಇಟ್ಟಳು. ಮುಚ್ಚಳ ಎತ್ತುವ ಆ ಕೊಕ್ಕೆಯ ಹಿಡಿ ಅವಳ ಅಂಗೈ ತಾಗಿ ತಾಗಿ ಸವೆದು ನುಣುಪಾಗಿತ್ತು.

"ಗುಂಡಿ ಹತ್ರ ನೋಡ್ದೇನಪ್ಪ?" ಎಂದು ಕೇಳಿದಳು.

"ಇಲ್ಲ ಅಕ್ಕ."

"ಆಯ್ತು ಬಿಡು. ವರದಿ ಚೆನ್ನಾಗಿ ಬರೆದಿದೀಯಂತೆ," ಎಂದು ನನ್ನ ಭುಜ ತಟ್ಟಿ ಹೊರಟುಹೋದಳು. ಅವಳು ಬೈದಿದ್ದರೆ ನಾನು ಸಮಾಧಾನವಾಗಿ ಮನೆಗೆ ಹೋಗುತ್ತಿದ್ದೆ.

ಸಂಜೆ ಎರಡೂ ಟ್ಯಾಬುಗಳನ್ನು ಮನೆಗೆ ಮರಳಿ ತಂದು, ಕೂತು ನಡೆದದ್ದನ್ನೆಲ್ಲ ಹೇಳಿದೆ. ಅಕ್ಕನ ಕೈ, ಕೊಕ್ಕೆ, ಕೌಂಟರು, ನಲವತ್ತೆರಡು ಮನೆಯ ಆ ಹಳೆಯ ಕಥೆ, ಎಲ್ಲವನ್ನೂ. ನಲವತ್ತೆರಡು ಮನೆಯ ಕಥೆಯನ್ನು ನಾನು ಹೆಂಡತಿಗೂ ಅದುವರೆಗೆ ಹೇಳಿರಲಿಲ್ಲ. "ಆದರೆ ಏನು ಮಾಡೋದು," ಎಂದೆ ಕೊನೆಗೆ. "ಸಣ್ಣದು ನಿಧಾನ. ಸುಳ್ಳು ಬರೆಯೋಕೆ ಆಗುತ್ತಾ?"

ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಅತ್ತೆಯ ಮುಖ ನೋಡಿದಳು. ಅತ್ತೆ ಗೋಡೆ ನೋಡಿದರು.

"ರೀ, ಅದು ನಿಧಾನ ಅಲ್ಲ," ಎಂದಳು ಹೆಂಡತಿ. "ಅದರ ಹೊಟ್ಟೆ ತುಂಬಿದೆ. ನಾನು ಪರದೆ ಡಿಸೈನಿನ ಫೋಟೋ ಹಾಕಿದ್ದೆ. ಸುಮಾರು ಆರುನೂರು. ಹೊಲಿಗೆ ಕಲಿಸೋ ವಿಡಿಯೋ ಕೂಡ."

"ನಾನು ತಂಗಿ ಜೊತೆ ಮಾತಾಡ್ತಿದ್ದೆ," ಎಂದರು ಅತ್ತೆ. "ಹೆಚ್ಚೇನಿಲ್ಲ, ನೀವು ಆಫೀಸಿಗೆ ಹೋದಾಗಿನಿಂದ ಬರೋವರೆಗೆ. ಮಾತ್ರೆ ನೆನಪಿಸೋದು, ಹವಾಮಾನ ನೋಡೋದು, ಅದನ್ನೂ ಹಾಕ್ಕೊಂಡೆ. ಯಾವುದನ್ನೂ ಮುಚ್ಚೋಕೆ ಬರಲ್ಲ ನನಗೆ."

"ಮುಟ್ಟಬಾರದು ಅಂದಿದ್ನಲ್ಲ," ಎಂದೆ.

"ದೊಡ್ಡದನ್ನ ಮುಟ್ಟಿಲ್ಲವಲ್ಲ," ಎಂದರು ಅತ್ತೆ. ಅದೂ ನಿಜವೇ.

ಹೆಂಡತಿ ಕೂತು ಒಂದೊಂದಾಗಿ ಮುಚ್ಚಿದಳು. ಹಿಂದೆ ತೆರೆದೇ ಇದ್ದ ಆ್ಯಪುಗಳು ನಲವತ್ತೊಂದು. ಆರುನೂರು ಪರದೆಗಳು ಹೋದವು, ವಿಡಿಯೋ ಹೋಯಿತು. ಅತ್ತೆ ಮಾತ್ರ ತಂಗಿಯನ್ನು ತೆಗೆಯಲು ಬಿಡಲಿಲ್ಲ. "ಅವಳೊಬ್ಬಳು ಇರಲಿ. ಮೂಲೇಲಿ ಇರ್ತಾಳೆ," ಎಂದರು. ಕೆಳಗಿನಿಂದ ಮೇಷ್ಟ್ರನ್ನು ಮತ್ತೆ ಕರೆದೆ. ಅವರು ಸೀಟಿ ಊದಿದರು. ಎರಡರಲ್ಲೂ ಫಾರಂ ಒಟ್ಟಿಗೆ ತೆರೆಯಿತು. ಮೂರು ಸಲ ಮಾಡಿದೆವು, ಮೂರು ಸಲವೂ ಸಮ. ಮೇಷ್ಟ್ರು ತಮ್ಮ ಎರಡೂ ಸ್ಟಾಪ್‌ವಾಚುಗಳನ್ನು ಕಿವಿಗೆ ಹಿಡಿದು ನೋಡಿ, "ಅವತ್ತಿನ ಪಂದ್ಯ ರದ್ದು," ಎಂದು ಘೋಷಿಸಿದರು. "ಒಬ್ಬನ ಹೆಗಲ ಮೇಲೆ ನಾಲ್ಕು ಜನ ಕೂತು ಓಡ್ಸಿದೀರಿ. ನಾಳೆ ನಾನೂ ಬಂದು ಹೇಳ್ತೀನಿ. ನನ್ನ ಸಹಿ ಇದೆ ಅದರಲ್ಲಿ."

ಮಾರನೆಯ ಬೆಳಿಗ್ಗೆ ಸಾಹೇಬರ ಕೋಣೆಗೆ ಹೋಗಿ, "ಸಾರ್, ವರದಿ ತಪ್ಪಾಗಿದೆ," ಎಂದೆ.

ಅವರು ಬಾಗಿಲು ಹಾಕಿದರು. "ತಪ್ಪು ಅನ್ನೋದನ್ನ ನಾಳಿದ್ದು ಹೇಳಿ. ಈವತ್ತು ದೊಡ್ಡ ಸಾಹೇಬ್ರು ಬರ್ತಾರೆ. ಈವತ್ತೊಂದು ದಿನ ಅದು ಸರಿಯಾಗಿರ್ಲಿ."

ಅಷ್ಟರಲ್ಲಿ ದೊಡ್ಡ ಸಾಹೇಬರು ಬಂದೇಬಿಟ್ಟರು. ನಾವೆಲ್ಲ ಹೊರಗಿನ ಹಾಲಿನಲ್ಲಿ ಸಾಲಾಗಿ ನಿಂತೆವು. ಗಂಟು ಮುಖದ, ಕಡಿಮೆ ಮಾತಿನ ಮನುಷ್ಯ. ಒಂಬತ್ತು ಪುಟವನ್ನೂ ನಿಂತೇ ತಿರುವಿದರು. ಒಂದು ಕಡೆ ಬೆರಳಿಟ್ಟು ನಿಲ್ಲಿಸಿದರು.

"'ಸಂಬಂಧಿಕರು ಕಾಣಿಸಿಕೊಳ್ಳುವ ಸಂಭವ'. ಇದು ಯಾರು ಬರೆದಿದ್ದು?"

"ನಮ್ಮ ಎಕ್ಸ್‌ಪರ್ಟ್ ಸಾರ್," ಎಂದು ಸಾಹೇಬರು ನನ್ನನ್ನು ಮುಂದಕ್ಕೆ ತಳ್ಳಿದರು.

ಅಕ್ಕ ಹಿಂದಿನ ಸಾಲಿನಲ್ಲಿ ಬರಿಗೈಯಲ್ಲಿ ನಿಂತಿದ್ದಳು.

"ಸಾರ್, ನಾನು ಎಕ್ಸ್‌ಪರ್ಟ್ ಅಲ್ಲ," ಎಂದೆ. "ಅವತ್ತು ವೈರು ಎಡವಿದೆ, ಪ್ಲಗ್ಗು ಬಿತ್ತು, ಸಿಕ್ಕಿಸಿದೆ. ರೀಸೆಟ್ ಅಂದ್ರೆ ಏನು ಅಂತ ನನಗೆ ಗೊತ್ತಿಲ್ಲ. ಸಣ್ಣ ಟ್ಯಾಬು ಸೋತಿದ್ದು ನಮ್ಮ ಅತ್ತೆಯಿಂದ." ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲು ಬರಲಿಲ್ಲ. ಪರದೆಗಳು, ಮಾತ್ರೆ, ಬೀರು, ಟವೆಲು, ಎಲ್ಲವೂ ಹೊರಗೆ ಬಂದವು. ಬಾಗಿಲಲ್ಲಿ ನಿಂತಿದ್ದ ಡ್ರಿಲ್ ಮೇಷ್ಟ್ರು, "ಪಂದ್ಯ ರದ್ದಾಗಿದೆ," ಎಂದು ದನಿಗೂಡಿಸಿದರು. ನಮ್ಮ ಸಾಹೇಬರು ಕಣ್ಣು ಮುಚ್ಚಿಕೊಂಡಿದ್ದರು.

ದೊಡ್ಡ ಸಾಹೇಬರು ವರದಿಯನ್ನು ಮಡಿಸಿ ಮೇಜಿನ ಮೇಲಿಟ್ಟರು. "ಹಾಗಾದ್ರೆ ಯಾವುದು ಒಳ್ಳೇದು?"

"ಗುಂಡಿ ಹತ್ರ ಹೋಗೋಣ ಸಾರ್. ಅಕ್ಕ ಮೊದಲ ದಿನಾನೇ ಹೇಳಿದ್ರು. ನಾನು ಕೇಳಲಿಲ್ಲ."

ಕಚೇರಿಯ ಅಂಗಳದಲ್ಲೇ ಒಂದು ಮೀಟರ್ ಗುಂಡಿ ಇದೆ. ಎಲ್ಲರೂ ಅದರ ಸುತ್ತ ನಿಂತರು. ನಾನು ದೊಡ್ಡ ಟ್ಯಾಬು ಹಿಡಿದು ಬಗ್ಗಿದೆ. ಬಲಗೈಯಲ್ಲಿ ಕೊಕ್ಕೆ ಹಾಕಿ ಮುಚ್ಚಳ ಎತ್ತಿದೆ, ಅದು ಜಾರದಂತೆ ಕಾಲು ಅಡ್ಡ ಕೊಟ್ಟೆ, ಟಾರ್ಚನ್ನು ಹಲ್ಲಿನ ನಡುವೆ ಕಚ್ಚಿಕೊಂಡೆ. ಎಡಗೈ ಟ್ಯಾಬನ್ನು ಹಿಡಿದಿತ್ತು. ಫೋಟೋ ಒತ್ತುವ ಜಾಗ ಅದರ ನಟ್ಟನಡುವೆ ಎಲ್ಲೋ ದೂರದಲ್ಲಿತ್ತು. ನನ್ನ ಹೆಬ್ಬೆರಳು ಅರ್ಧ ದಾರಿಗೇ ನಿಂತಿತು. ಟ್ಯಾಬನ್ನು ಮೊಣಕಾಲಿಗೆ ಒರಗಿಸಿದೆ, ಜಾರಿತು. ಕಂಕುಳಲ್ಲಿ ಇಟ್ಟೆ, ಅದು ಆಕಾಶದ ಫೋಟೋ ತೆಗೆಯಿತು. ಗಲ್ಲದ ಕೆಳಗೆ ಸಿಕ್ಕಿಸಲು ಹೋದಾಗ ಟಾರ್ಚು ಗುಂಡಿಗೆ ಬಿತ್ತು. ಕೊನೆಗೆ ಬೇರೆ ದಾರಿ ಕಾಣದೆ ಅದನ್ನು ಮೇಲಕ್ಕೆ ಚಾಚಿ, "ಸಾರ್, ಸ್ವಲ್ಪ ಹಿಡ್ಕೋತೀರಾ?" ಎಂದೆ.

ದೊಡ್ಡ ಸಾಹೇಬರು ಹಿಡಿದುಕೊಂಡರು. "ಪ್ರತಿ ಮನೆಗೂ ನಾನು ಬರ್ಬೇಕಾ?" ಎಂದು ಕೇಳಿದರು.

ಯಾರೋ ನಕ್ಕರು. ದೊಡ್ಡ ಸಾಹೇಬರ ತುಟಿಯ ತುದಿಯೂ ಅಲುಗಿತು.

ಆಮೇಲೆ ಅಕ್ಕ ಬಂದಳು. ಅವಳ ಕೊಕ್ಕೆಯನ್ನು ನಾನೇ ಮೇಜಿನಿಂದ ತಂದು ಕೈಗೆ ಕೊಟ್ಟೆ. ಸಣ್ಣ ಟ್ಯಾಬು ಅವಳ ಎಡ ಅಂಗೈಯಲ್ಲಿ ಹಳೆಯ ಪುಸ್ತಕ ಕೂರುತ್ತಿದ್ದ ಜಾಗದಲ್ಲೇ ಕೂತಿತು. ಮುಚ್ಚಳ ಎದ್ದಿತು, ಕಾಲು ಅಡ್ಡ ಬಂತು, ಹೆಬ್ಬೆರಳು ಒಂದು ಸಲ ಅಲುಗಿತು, ಮುಚ್ಚಳ ಇಳಿಯಿತು. ಮಣಿಕಟ್ಟು ನಡುಗಲಿಲ್ಲ. ಮೇಷ್ಟ್ರು ಅಭ್ಯಾಸಬಲದಿಂದ ಸೀಟಿ ಊದಿ, "ಒಂಬತ್ತು ಸೆಕೆಂಡ್," ಎಂದರು.

"ಸಣ್ಣದು," ಎಂದರು ದೊಡ್ಡ ಸಾಹೇಬರು. ಆಮೇಲೆ ನನ್ನ ಕಡೆ ಬೆರಳು ತೋರಿಸಿ ಅಕ್ಕನನ್ನು ಕೇಳಿದರು. "ಇವರು ಯಾವಾಗ್ಲೂ ಹೀಗೇನಾ?"

"ತಪ್ಪು ಮಾಡಿದ್ರೆ ಪೂರ್ತಿ ಮಾಡ್ತಾನೆ ಸಾರ್," ಎಂದಳು ಅಕ್ಕ. "ತಿದ್ದೋದೂ ಪೂರ್ತೀನೇ."

ಎಕ್ಸ್‌ಪರ್ಟ್ ಪದವಿ ಅಂದೇ ಹೋಯಿತು. ಈಗ ಪ್ರಿಂಟರ್ ನಿಂತರೆ ನನ್ನನ್ನು ಅದರ ಹತ್ತಿರ ಸುಳಿಯಲು ಬಿಡುವುದಿಲ್ಲ. ನನಗೆ ಬೇಸರವಿಲ್ಲ. ತಪ್ಪು ಒಪ್ಪಿದ ಹೆಂಡತಿಗೆ, ಒಪ್ಪಿಯೂ ಒಪ್ಪದ ಅತ್ತೆಗೆ, ಸಹಿ ಹಿಂತೆಗೆದುಕೊಳ್ಳಲು ಬಿಳಿ ಬೂಟು ಹಾಕಿಕೊಂಡು ಬಂದ ಮೇಷ್ಟ್ರಿಗೆ ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ. ಅಕ್ಕನಿಗೆ ಮಾತ್ರ ಬಾಯಿಬಿಟ್ಟು ಹೇಳಬೇಕೆಂದು ಹೊಸ ಟ್ಯಾಬು ಸಿಕ್ಕಿದ ಮೊದಲ ದಿನ ಅವಳ ಜೊತೆ ಹೋದೆ. ಅವಳ ಪಾಲಿಗೆ ಬಂದದ್ದು ನಮ್ಮ ಮನೆಯಲ್ಲಿದ್ದ ಆ ಸಣ್ಣದೇ. ಅವಳು ಹಿಡಿದ ದಾರಿ ನನಗೆ ಗೊತ್ತಿತ್ತು. ಅದೇ ನಲವತ್ತೆರಡು ಮನೆಯ ಬೀದಿ.

ಮೊದಲ ಗುಂಡಿಯ ಹತ್ತಿರ, "ಅಕ್ಕ, ಅವತ್ತಿನದಕ್ಕೆ ನಾನು ಯಾವತ್ತೂ..." ಎಂದು ಶುರುಮಾಡಿದೆ. ಅಷ್ಟರಲ್ಲಿ ಟ್ಯಾಬು ಗುಣುಗುಟ್ಟಿತು. ಅಕ್ಕ ಒತ್ತಿದಳು. ಅತ್ತೆಯ ತಂಗಿ ಪರದೆಯ ತುಂಬ ಹರಡಿಕೊಂಡು, "ಊಟ ಆಯ್ತಾ?" ಎಂದರು.

"ಇನ್ನೂ ಇಲ್ಲಮ್ಮ. ನಿಮ್ದು?" ಎಂದಳು ಅಕ್ಕ, ಅವರನ್ನು ಹುಟ್ಟಿದಾಗಿನಿಂದ ಬಲ್ಲವಳ ಹಾಗೆ.

"ಆಯ್ತು. ನೀವು ನಮ್ಮ ಅಳಿಯಂದಿರ ಆಫೀಸಿನವರಾ? ಹೇಗೆ ಕೆಲಸ ಮಾಡ್ತಾರೆ ಅವರು?"

ಅಕ್ಕ ತಲೆ ಎತ್ತಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಚೆನ್ನಾಗಿ ಮಾಡ್ತಾನಮ್ಮ," ಎಂದಳು. "ಒಂದು ಮನೇನೂ ತಪ್ಪಲ್ಲ."

ಅವಳ ಕೈಯಿಂದ ಕೊಕ್ಕೆ ತೆಗೆದುಕೊಂಡು ಬಗ್ಗಿ ಮುಚ್ಚಳ ಎತ್ತಿ ಹಿಡಿದೆ. ಅವತ್ತು ನಲವತ್ತೆರಡನ್ನೂ ನಾನೇ ಎತ್ತಿದೆ.